ತಿಂಗಳಿಗೊಮ್ಮೆ ಎರಡು ನಿಮಿಷ

ಹುಟ್ಟಿದಾಗ ನನ್ನ ಒಂದು ಬೀಜ ಚೀಲಕ್ಕೆ ಇಳಿದಿರಲಿಲ್ಲವಂತೆ. ಚಿಕ್ಕವನಿದ್ದಾಗಲೇ ಆಪರೇಷನ್ ಮಾಡಿ ಇಳಿಸಿದರು. ಹೀಗಿದ್ದವರಿಗೆ ವೃಷಣದ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಆಪರೇಷನ್ ಆದರೂ ಅದು ಪೂರ್ತಿ ಹೋಗುವುದಿಲ್ಲ. ಇದನ್ನು ನನಗೆ ಹೇಳಿದ್ದು ಯುರಾಲಜಿ ಡಾಕ್ಟರು, ಕಲ್ಲಿನ ನೋವಿಗೆ ಅಂತ ಹೋದಾಗ ತೊಡೆಸಂದಿಯ ಹಳೇ ಹೊಲಿಗೆ ಗುರುತು ನೋಡಿ. "ತಿಂಗಳಿಗೊಮ್ಮೆ ನೀವೇ ಮುಟ್ಟಿ ನೋಡ್ಕೊಳ್ಳಿ" ಎಂದರು.

ಬಿಸಿನೀರಿನ ಸ್ನಾನ ಮುಗಿದ ಕೂಡಲೇ ನೋಡಿಕೊಳ್ಳುತ್ತೇನೆ. ಚಳಿಗೆ ಚೀಲ ಮುದುಡಿಕೊಂಡಿದ್ದರೆ ಏನೂ ಗೊತ್ತಾಗುವುದಿಲ್ಲ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ ಇಟ್ಟು ಒಂದೊಂದೇ ಬೀಜವನ್ನು ಮೆಲ್ಲಗೆ ಹೊರಳಿಸಬೇಕು. ಬೇಯಿಸಿ ಸುಲಿದ ಮೊಟ್ಟೆಯ ಹಾಗೆ ನುಣ್ಣಗಿರುತ್ತದೆ. ಹಿಂಬದಿಯಲ್ಲಿ ಮೆತ್ತಗಿನ, ಸ್ವಲ್ಪ ಉಬ್ಬುತಗ್ಗಿನ ನಾಳ ಕೈಗೆ ಸಿಗುತ್ತದೆ. ಹೊಸಬರು ಹೆದರುವುದೇ ಅದಕ್ಕೆ. ಅದು ವೀರ್ಯಾಣು ಶೇಖರವಾಗುವ ನಾಳ, ಎಲ್ಲರಿಗೂ ಇರುತ್ತದೆ. ಒಂದು ಬೀಜ ಕೊಂಚ ದೊಡ್ಡದಿರುವುದು, ಇನ್ನೊಂದಕ್ಕಿಂತ ಕೆಳಗೆ ಜೋತಿರುವುದು ಕೂಡ ಮಾಮೂಲು. ಹೋದ ತಿಂಗಳು ಇದ್ದ ಹಾಗೇ ಇದೆಯಾ? ಅಷ್ಟೇ ನಾನು ನೋಡುವುದು.

ಬೀಜದ ಮೈಯಲ್ಲಿ ಗಟ್ಟಿ ಗಂಟು, ಊತ, ಭಾರ ಅನಿಸುವುದು, ಕಿಬ್ಬೊಟ್ಟೆಯಲ್ಲಿ ಮಂದ ನೋವು ಇದ್ದರೆ ತಡಮಾಡಬಾರದು. ಗಂಟು ಬಹಳ ಸಲ ನೋಯುವುದೇ ಇಲ್ಲ. ನೋವಿಲ್ಲ ಅಂತ ಸುಮ್ನಿರುವವರೇ ಜಾಸ್ತಿ.

ನನಗೂ ಒಮ್ಮೆ ಮೇಲ್ತುದಿಯಲ್ಲಿ ಏನೋ ಹೊಸದು ಸಿಕ್ಕಿತು. ಸ್ಕ್ಯಾನಿಂಗ್ ಸೆಂಟರಿನಲ್ಲಿ ಸುತ್ತಲೂ ಬಸುರಿಯರು, ನಡುವೆ ಚೀಟಿ ಹಿಡಿದುಕೊಂಡು ನಾನೊಬ್ಬ! ನಾಳದಲ್ಲಿ ನೀರು ತುಂಬಿದ ಗುಳ್ಳೆ, ಅಪಾಯವಿಲ್ಲ ಎಂದರು.

ಎಲ್ಲ ಗಂಡಸರೂ ಹೀಗೆ ನೋಡಿಕೊಳ್ಳಬೇಕಾ? ನಮ್ಮ ದೇಶದಲ್ಲಿ ಈ ಕಾಯಿಲೆ ಅಪರೂಪ. ರೋಗಲಕ್ಷಣ ಇಲ್ಲದವರಿಗೆ ಇಂಥ ತಪಾಸಣೆ ಬೇಡ ಎಂದು 2011ರಲ್ಲಿ ಅಮೆರಿಕದ ತಜ್ಞರ ಸಮಿತಿಯೂ ಹೇಳಿದೆ. ಸುಮ್ನೆ ಗಾಬರಿ, ಬೇಡದ ಟೆಸ್ಟು ಆಗುತ್ತವೆ ಅನ್ನುವುದು ಅವರ ವಾದ. ನನ್ನ ಗುಳ್ಳೆಯೇ ಅದಕ್ಕೆ ಸಾಕ್ಷಿ, ಅಲ್ವಾ? ಆದರೂ ನಾನು ಬಿಟ್ಟಿಲ್ಲ. ಬೀಜ ಇಳಿಯದೆ ಹುಟ್ಟಿದವರು, ಅಪ್ಪನಿಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿರುವವರು ಬಿಡದಿರುವುದೇ ಒಳ್ಳೆಯದು. ಜಾಸ್ತಿ ಕಾಣಿಸಿಕೊಳ್ಳುವುದು 15ರಿಂದ 40ರೊಳಗಿನ ವಯಸ್ಸಿನಲ್ಲಿ.

ಅನುಮಾನ ಗಟ್ಟಿಯಾದರೆ ರಕ್ತಪರೀಕ್ಷೆ ಮಾಡಿಸಿ, ತೊಡೆಸಂದಿಯಲ್ಲಿ ಕೊಯ್ದು ಇಡೀ ಬೀಜವನ್ನೇ ತೆಗೆಯುತ್ತಾರೆ. ಇನ್ನೊಂದು ಚೆನ್ನಾಗಿದ್ದರೆ ಸಾಮಾನ್ಯವಾಗಿ ಮಕ್ಕಳಾಗಲು ಅದೇ ಸಾಕು. ಕೀಮೋ ಬೇಕಾದವರು ಮೊದಲೇ ವೀರ್ಯ ಕೂಡಿಡಿಸುವುದು ಒಳ್ಳೆಯದು. ಹರಡಿದ ಮೇಲೂ ಬಹಳಷ್ಟು ಜನ ಗುಣವಾಗುವ ಕ್ಯಾನ್ಸರ್ ಇದು. 1974ರಲ್ಲಿ ಇಂಡಿಯಾನಾದ ಡಾ. ಲಾರೆನ್ಸ್ ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಇರುವ ಔಷಧಿಗಳನ್ನು ಒಟ್ಟಿಗೆ ಕೊಟ್ಟು ನೋಡಿದ ಮೇಲೆ ಲೆಕ್ಕವೇ ಬದಲಾಯಿತು. 2012ರಲ್ಲಿ ಯುವರಾಜ್ ಸಿಂಗ್ ಚಿಕಿತ್ಸೆಗೆ ಹೋಗಿದ್ದೂ ಇವರ ಹತ್ತಿರವೇ. ಅವರ ಗೆಡ್ಡೆ ಎದೆಯಲ್ಲಿತ್ತು, ಆದರೆ ಜಾತಿ ಇದೇ.

ಡಾಕ್ಟರ ಮುಂದೆ "ಬೀಜದಲ್ಲಿ ಗಂಟು ಸಿಕ್ಕಿದೆ" ಎಂದು ನೇರವಾಗಿ ಹೇಳಿ. "ಕೆಳಗಡೆ ಸ್ವಲ್ಪ ಪ್ರಾಬ್ಲಂ" ಅಂದರೆ ಅವರು ಮೊದಲು ಮೂತ್ರ ಪರೀಕ್ಷೆಗೆ ಬರೆದುಕೊಡುತ್ತಾರೆ.