ಗುಡ್ಡಕ್ಕೆ ಹೊರಡುವ ಮುನ್ನ ಫೋನ್ ಸಜ್ಜಾಗಲಿ

ವ್ಯಾಯಾಮದ ಲೆಕ್ಕಕ್ಕೆ ಒಂದು ಆ್ಯಪ್, ದಾರಿ ನೋಡುವುದಕ್ಕೆ ಇನ್ನೊಂದು. ಎರಡನ್ನೂ ಒಂದೇ ಆ್ಯಪ್ ಮೇಲೆ ಹೊರಿಸಿದರೆ ಗುಡ್ಡದ ಮೇಲೆ ಪೇಚಾಟ ತಪ್ಪದು. ಸ್ಟ್ರಾವಾ ನೀವು ನಡೆದ, ಓಡಿದ, ಸೈಕಲ್ ತುಳಿದ ದೂರವನ್ನು ಚೆನ್ನಾಗಿ ದಾಖಲಿಸುತ್ತದೆ, ಅಷ್ಟು ಕೆಲಸ ಉಚಿತ. ಆದರೆ ಅದರಲ್ಲಿ ಹೊಸ ಮಾರ್ಗ ರೂಪಿಸಿಕೊಳ್ಳಲು ಹಣ ಕೊಡಬೇಕು. ದಾರಿ ತೋರಿಸಲು ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್‌ಆ್ಯಂಡ್ ಇಟ್ಟುಕೊಳ್ಳಿ. ಎರಡೂ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸುತ್ತವೆ, ನೆಟ್‌ವರ್ಕ್ ಇಲ್ಲದೆಯೂ ಕೆಲಸ ಮಾಡುತ್ತವೆ.

ತಾಲೀಮಿನಲ್ಲಿ ಸಾಮು ತೆಗೆಯುವವರಿಗೆ, ಜಿಮ್‌ಗೆ ಹೋಗುವವರಿಗೆ ಜಿಪಿಎಸ್‌ನ ಅಗತ್ಯವೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ಫಿಟ್‌ನೋಟ್ಸ್ ಸಾಕು. ಸಿದ್ಧಪಟ್ಟಿಯಲ್ಲಿ ಸಪಾಟಿ, ಸಂಗ್ರಾಣಿ ಕಲ್ಲು ಸಿಗುವುದಿಲ್ಲ, ಹೊಸ ವ್ಯಾಯಾಮ ಎಂದು ನೀವೇ ಸೇರಿಸಿ. ಸಪಾಟಿಗೆ ಎಣಿಕೆ ಮಾತ್ರ ಬರುವಂತೆಯೂ ಕಲ್ಲಿಗೆ ತೂಕ ಮತ್ತು ಎಣಿಕೆ ಎರಡೂ ಬರುವಂತೆಯೂ ಇಡಿ. ಯಾವ ಆ್ಯಪ್ ಆದರೂ ತೋರಿಸುವ ಕ್ಯಾಲೊರಿ ಬರೀ ಅಂದಾಜು. ಅದನ್ನು ನೋಡಿ ಊಟದ ಲೆಕ್ಕ ಹಾಕಬೇಡಿ.

ಮೊದಲು ಊರಲ್ಲೇ ಪರೀಕ್ಷೆ

ಆ್ಯಪ್ ಹಾಕಿಕೊಂಡ ತಕ್ಷಣ ಸೆಟ್ಟಿಂಗ್ಸ್‌ನಲ್ಲಿ ಎರಡು ಕೆಲಸ ಮುಗಿಸಿ. ಲೊಕೇಶನ್ ಅನುಮತಿಯಲ್ಲಿ ‘ನಿಖರ ಸ್ಥಳ’ ಆನ್ ಇರಲಿ. ಬ್ಯಾಟರಿ ವಿಭಾಗದಲ್ಲಿ ಆ ಆ್ಯಪ್‌ಗೆ ಇರುವ ನಿರ್ಬಂಧ ತೆಗೆದುಹಾಕಿ. ಎರಡನೆಯದನ್ನು ಮರೆಯುವವರೇ ಬಹಳ. ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗೆ ಫೋನ್ ಚಾರ್ಜ್ ಉಳಿಸಲೆಂದು ಹಿನ್ನೆಲೆಯಲ್ಲಿದ್ದ ಆ್ಯಪ್‌ ಅನ್ನು ನಿಲ್ಲಿಸಿಬಿಡುತ್ತದೆ. ಮನೆಗೆ ಬಂದು ನೋಡಿದರೆ ಅಂಕುಡೊಂಕಾಗಿ ನಡೆದ ದಾರಿಯ ಬದಲು ಕೆರೆ, ಬಂಡೆಗಳನ್ನೆಲ್ಲ ದಾಟಿಕೊಂಡು ಹೋದ ಒಂದು ನೇರ ಗೆರೆ ಇರುತ್ತದೆ. ಅಂಥ ಗೆರೆ ಕಂಡರೆ ದೋಷ ಹೆಚ್ಚಾಗಿ ಜಿಪಿಎಸ್‌ನದ್ದಲ್ಲ, ಈ ಸೆಟ್ಟಿಂಗ್‌ನದ್ದು.

ಬಳಿಕ 400 ಮೀಟರ್ ಟ್ರ್ಯಾಕಿನ ಒಳ ಲೇನ್‌ನಲ್ಲಿ 10 ಸುತ್ತು ಹಾಕಿ. ಆ್ಯಪ್ 3.9ರಿಂದ 4.1 ಕಿ.ಮೀ. ಒಳಗೆ ತೋರಿಸಿದರೆ ನಂಬಬಹುದು. ಕಡಿಮೆ ಬಂದರೆ ತಿರುವುಗಳನ್ನು ಕತ್ತರಿಸಿ ಅಳೆಯುತ್ತಿದೆ ಎಂದರ್ಥ. ಹೆಚ್ಚು ಬಂದರೆ ನಿಮ್ಮ ಸ್ಥಾನ ಆಚೀಚೆ ಜಿಗಿಯುತ್ತಿದೆ. ಆಕಾಶ ಬಯಲಾಗಿ ಕಾಣುವಲ್ಲಿ ಒಂದೆರಡು ನಿಮಿಷ ನಿಂತು, ಸ್ಥಾನ ಸ್ಥಿರವಾದ ಮೇಲೆ ದಾಖಲಾತಿ ಶುರು ಮಾಡಿದರೆ ಈ ಜಿಗಿತ ಬಹಳಷ್ಟು ತಗ್ಗುತ್ತದೆ.

ನಕ್ಷೆ ಮನೆಯಲ್ಲೇ ಇಳಿಸಿಕೊಳ್ಳಿ

ವೈಫೈ ಇರುವಾಗ ಕರ್ನಾಟಕದ ನಕ್ಷೆ ಡೌನ್‌ಲೋಡ್ ಮಾಡಿ. ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಹೋಗುವವರು ಗೋವಾ, ಮಹಾರಾಷ್ಟ್ರದ ನಕ್ಷೆಗಳನ್ನೂ ಇಳಿಸಿಕೊಳ್ಳಬೇಕು, ಇಲ್ಲವಾದರೆ ಗಡಿ ಬಂದಲ್ಲಿ ವಿವರ ನಿಂತುಹೋಗುತ್ತದೆ. ನಂತರ ಫ್ಲೈಟ್ ಮೋಡ್ ಹಾಕಿ ನೀವು ಹೋಗುವ ಜಾಗವನ್ನು ತೆರೆದು ನೋಡಿ. ಚುಕ್ಕೆ ಗೆರೆಯ ಕಾಲುದಾರಿಗಳು ಸ್ಪಷ್ಟವಾಗಿ ಕಂಡರೆ ನಕ್ಷೆ ಸರಿಯಾಗಿ ಇಳಿದಿದೆ.

ಬೇರೆಯವರು ನಡೆದ ದಾರಿಗಳನ್ನು ಹುಡುಕಲು ವಿಕಿಲಾಕ್, ಆಲ್‌ಟ್ರೇಲ್ಸ್ ಇವೆ. ನೋಡುವುದಕ್ಕೆ ದುಡ್ಡಿಲ್ಲ. ವಿಕಿಲಾಕ್‌ನಲ್ಲಿ ದಾರಿ ಹಿಡಿದು ನಡೆಸುವ ಸೌಲಭ್ಯಕ್ಕೂ ಆಲ್‌ಟ್ರೇಲ್ಸ್‌ನಲ್ಲಿ ಆಫ್‌ಲೈನ್ ನಕ್ಷೆಗೂ ಚಂದಾ ಬೇಕು. ಒಬ್ಬರೇ ಹಾಕಿದ ದಾರಿಯನ್ನು ನಂಬಿ ಹೊರಡಬೇಡಿ, ಅದು ದಾರಿ ತಪ್ಪಿದವರ ಗೆರೆಯೂ ಆಗಿರಬಹುದು. ಎರಡು ಮೂರು ದಾಖಲೆ ತೆರೆದು, ಎಲ್ಲವೂ ಕೂಡುವ ಭಾಗವನ್ನು ಮಾತ್ರ ಗಟ್ಟಿ ಎಂದು ಹಿಡಿಯಿರಿ. ನಡೆದ ತಿಂಗಳು ನೋಡಿ: ಏಪ್ರಿಲ್‌ನಲ್ಲಿ ಒಣಗಿದ್ದ ಹಳ್ಳ ಜುಲೈನಲ್ಲಿ ಸೊಂಟ ಮುಳುಗಿಸೀತು. ವೇಗವನ್ನೂ ನೋಡಿ. ನಾಲ್ಕು ಕಿ.ಮೀ.ಗೆ ಹದಿನೈದು ನಿಮಿಷ ಎಂದಿದ್ದರೆ ಅದು ಬೈಕಿನ ದಾರಿ.

ಸಮಯಕ್ಕೆ ನಿಮ್ಮದೇ ಲೆಕ್ಕ ಇರಲಿ. ಹಳೆಯ ಸೂತ್ರದಂತೆ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಕಡೆಯ ಬಿಸಿಲಿಗೆ ಅದರ ಮೇಲೆ ಅರ್ಧದಷ್ಟು ಸೇರಿಸಿ.

ಬಾದಾಮಿಯಲ್ಲಿ ಏನಾಗುತ್ತದೆ

ಬಾಗಲಕೋಟೆ ಜಿಲ್ಲೆಯಲ್ಲಿ ಆ್ಯಪ್‌ನ ತಾಕತ್ತು ಮತ್ತು ಮಿತಿ ಎರಡೂ ಕಾಣುವ ಜಾಗ ಬಾದಾಮಿ. ಮ್ಯೂಸಿಯಂ ಪಕ್ಕದಿಂದ ಮೇಲಿನ ಶಿವಾಲಯಕ್ಕೆ ಹತ್ತುವ ದಾರಿ ಎತ್ತರದ ಮರಳುಗಲ್ಲಿನ ಬಂಡೆಗಳ ನಡುವಿನ ಸಂದಿಯಲ್ಲಿ ಸಾಗುತ್ತದೆ. ಅಲ್ಲಿ ಆಕಾಶದ ಒಂದು ಪಟ್ಟಿಯಷ್ಟೇ ಕಾಣುವುದರಿಂದ ಉಪಗ್ರಹದ ಸಂಕೇತ ಬಂಡೆಗೆ ಬಡಿದು ತಿರುಗಿ ಫೋನ್ ಸೇರುತ್ತದೆ. ನೀವು ಮೆಟ್ಟಿಲ ಮೇಲಿದ್ದರೂ ನಕ್ಷೆಯ ಬಾಣ ಅಗಸ್ತ್ಯತೀರ್ಥದ ನೀರಿನ ಮೇಲೆ ನಿಲ್ಲಬಹುದು. ಅಂಥಲ್ಲಿ ಫೋನ್ ನೋಡುತ್ತ ತಿರುಗಾಡದೆ ಮೆಟ್ಟಿಲನ್ನೇ ಹಿಡಿಯಿರಿ, ಮೇಲೆ ಬಯಲಿಗೆ ಬಂದಾಗ ಬಾಣ ತಾನಾಗಿ ಸರಿಹೋಗುತ್ತದೆ. ಮಂಗಗಳ ಕಾಟವಿರುವುದರಿಂದ ಫೋನ್ ಕೈಯಲ್ಲಿ ಆಡಿಸುವುದೂ ಬೇಡ.

ಸಿಡಿಲಫಡಿಯ ಆದಿಮಾನವರ ಬಂಡೆ ಚಿತ್ರಗಳ ಕಡೆ ಹೊರಟರೆ ತೊಂದರೆ ಬೇರೆಯದು. ಗುಡ್ಡದ ಮೇಲೆ ಸಿಗ್ನಲ್ ಚೆನ್ನಾಗಿರುತ್ತದೆ, ಆದರೆ ಬಂಡೆಯ ಮೇಲೆ ಹೆಜ್ಜೆ ಮೂಡುವುದಿಲ್ಲ, ಕುರಿ-ಆಡಿನ ದಾರಿಗಳು ಎಲ್ಲ ದಿಕ್ಕಿಗೂ ಕವಲೊಡೆಯುತ್ತವೆ. ಪ್ರತಿ ಕವಲಿನಲ್ಲಿ ನಕ್ಷೆಯ ಮೇಲೆ ಒಂದು ಗುರುತು ಹಾಕುತ್ತ ಹೋಗಿ, ಹಿಂದಿರುಗುವಾಗ ಅದೇ ಆಸರೆ. ದಾರಿ ಬಲ್ಲ ಸ್ಥಳೀಯರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಒಬ್ಬೊಬ್ಬರಿಗೂ ಎರಡರಿಂದ ಮೂರು ಲೀಟರ್ ನೀರು ಇರಲಿ. ಫೋನ್ ಬಿಸಿಲಿಗೆ ಕಾದರೆ ತಾನೇ ಬಂದ್ ಆಗುತ್ತದೆ, ಬಟ್ಟೆಯಲ್ಲಿ ಸುತ್ತಿ ಚೀಲದೊಳಗಿಡಿ.

ಕಾಡು, ದಂಡು, ದುಡ್ಡು

ಆ್ಯಪ್‌ನಲ್ಲಿ ಗೆರೆ ಇದ್ದ ಮಾತ್ರಕ್ಕೆ ಹೋಗಲು ಅನುಮತಿ ಇದೆ ಎಂದಲ್ಲ. ಖಾನಾಪುರ ತಾಲ್ಲೂಕಿನ ಭೀಮಗಡ 2011ರಿಂದ ವನ್ಯಜೀವಿಧಾಮ, ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಆ ಕಾಡಿನಲ್ಲಿ ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿಯಾಗುತ್ತದೆ. ನೆಟ್‌ವರ್ಕ್ ಇರುವ ಕೊನೆಯ ಊರಲ್ಲಿ ಸ್ಥಾನ ಹಿಡಿಸಿಕೊಂಡು ಫ್ಲೈಟ್ ಮೋಡ್ ಹಾಕಿ. ಲೊಕೇಶನ್ ಆನ್ ಇದ್ದರೆ ಜಿಪಿಎಸ್ ಆಗಲೂ ನಡೆಯುತ್ತದೆ.

2018ರ ಜನವರಿಯಲ್ಲಿ, ಬಳಕೆದಾರರು ಓಡಾಡಿದ ದಾರಿಗಳನ್ನೆಲ್ಲ ಒಟ್ಟಿಗೆ ತೋರಿಸುವ ಸ್ಟ್ರಾವಾದ ಹೀಟ್‌ಮ್ಯಾಪ್ ನೋಡಿ ಹಲವು ದೇಶಗಳ ಸೇನಾ ನೆಲೆಗಳನ್ನು ಗುರುತಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಬೆಳಗಾವಿಯ ಕ್ಯಾಂಪ್ (ಸೇನೆಯ ದಂಡು) ಪ್ರದೇಶದಲ್ಲಿ ಓಡುವವರು ದಾಖಲೆಯನ್ನು ‘ನನಗೆ ಮಾತ್ರ’ ಎಂದಿಡುವುದು ಲೇಸು. ಉಳಿದವರೂ ಮನೆಯ ಸುತ್ತಲಿನ ಭಾಗ ಮರೆಯಾಗುವಂತೆ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಮಾಡಿಕೊಳ್ಳಿ, ಹೆಣ್ಣುಮಕ್ಕಳಂತೂ ಇದನ್ನು ಬಿಡಲೇಬಾರದು.

ಉಚಿತ ಪ್ರಯೋಗದ ಅವಧಿ ಮುಗಿದ ದಿನ ಇಡೀ ವರ್ಷದ ಚಂದಾ ಖಾತೆಯಿಂದ ಹೋಗಬಹುದು. ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ಪ್ಲೇ ಸ್ಟೋರ್‌ನ ಚಂದಾ ವಿಭಾಗಕ್ಕೇ ಹೋಗಿ ರದ್ದು ಮಾಡಬೇಕು.

ಹೊರಡುವ ದಿನ ಲೈವ್ ಲೊಕೇಶನ್ ನಂಬಿ ಕೂರಬೇಡಿ, ನೆಟ್‌ವರ್ಕ್ ಇಲ್ಲದಲ್ಲಿ ಅದು ಹೋಗುವುದಿಲ್ಲ. ಯಾವ ಗುಡ್ಡ, ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಎಂದು ಮನೆಯವರಿಗೆ ಹೇಳಿ. ದಾರಿ ಆರಂಭವಾಗುವ ಜಾಗದ ಅಕ್ಷಾಂಶ-ರೇಖಾಂಶವನ್ನು ಅದೇ ಕ್ರಮದಲ್ಲಿ ಸಂದೇಶ ಕಳಿಸಿ: ಬಾದಾಮಿಯಾದರೆ ಮೊದಲು 15.92, ಆಮೇಲೆ 75.68. ಹೇಳಿದ ಹೊತ್ತು ಮೀರಿದರೆ ಅವರು 112ಕ್ಕೆ ಕರೆ ಮಾಡಿ ಓದಿ ಹೇಳಬೇಕಾದದ್ದು ಇವೇ ಅಂಕಿಗಳನ್ನು.