ಮೊದಲು ಕಿವಿ, ಆಮೇಲೆ ಗ್ರಾಮರ್: ನಂದಿ ಬೆಟ್ಟದ ಒಂದು ಪುಟ್ಟ ಕಥೆಯಿಂದ ಇಂಗ್ಲಿಷ್ ಕಲಿಸೋದು ಹೇಗೆ

'ವಿ ಕ್ಲೈಂಬಿಂಗ್ ಸ್ಟೆಪ್ಸ್ ಮಂಕಿ ಜಂಪ್ ಬ್ಯಾಗ್.'

ಇದು ನಮ್ಮ ಚಿಕ್ಕಬಳ್ಳಾಪುರ ಕಡೆಯ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದ ವಾಕ್ಯ. ನಾನು ಓದಿ ಹೇಳಿದ್ದು ಹೀಗಿತ್ತು: 'ವಿ ವರ್ ಕ್ಲೈಂಬಿಂಗ್ ದ ಸ್ಟೆಪ್ಸ್ ವೆನ್ ಎ ಮಂಕಿ ಜಂಪ್ಟ್ ಆನ್ ಹರ್ ಬ್ಯಾಗ್.' ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಏನೇನು ಬಿಟ್ಟು ಹೋಗಿದೆ? ವರ್, ದ, ವೆನ್, ಎ, ಆನ್, ಹರ್, ಆಮೇಲೆ ಜಂಪ್ ಪಕ್ಕದ ಟ್. ಅಂದರೆ ಗ್ರಾಮರ್ ಪೂರ್ತಿ ಯಾವುದರಲ್ಲಿತ್ತೋ ಅದೇ ಹೋಗಿದೆ. ಮೊದಲೆಲ್ಲ ನಾನು ಇಂಥ ವಾಕ್ಯಕ್ಕೆ ಕೆಂಪು ಗೆರೆ ಎಳೆದು, ಟೆನ್ಸ್ ಪಾಠ ಮತ್ತೆ ಮಾಡುತ್ತಿದ್ದೆ. ಏನೂ ಪ್ರಯೋಜನ ಆಗಲಿಲ್ಲ. ಯಾಕೆಂದರೆ ಆ ಹುಡುಗಿಗೆ ಆ ಪದಗಳು ಕೇಳಿಸಿಯೇ ಇರಲಿಲ್ಲ. ಕೇಳಿಸದ್ದನ್ನು ಬರೆಯೋದು ಹೇಗೆ?

ಕನ್ನಡದಲ್ಲಿ ನಾವು ಒಂದೊಂದು ಅಕ್ಷರಕ್ಕೂ ಅದರ ಪಾಲು ಕೊಟ್ಟು ಮಾತಾಡುತ್ತೇವೆ. ಇಂಗ್ಲಿಷ್ ಹಾಗಲ್ಲ. ಅದು ಕ್ಲೈಂಬ್, ಸ್ಟೆಪ್ಸ್, ಮಂಕಿ, ಬ್ಯಾಗ್ ಥರದ ಪದಗಳ ಮೇಲೆ ಭಾರ ಹಾಕಿ ನಡುವಿನ ಸಣ್ಣ ಪದಗಳನ್ನು ನುಂಗಿಬಿಡುತ್ತದೆ. ವರ್ ಅನ್ನೋದು ಬರೀ 'ವ' ಆಗುತ್ತದೆ, ಟು ಅನ್ನೋದು 'ಟ' ಆಗುತ್ತದೆ, ಅಂಡ್ ಅನ್ನೋದು 'ನ್' ಆಗಿ ಮಾಯವಾಗುತ್ತದೆ. ಮಕ್ಕಳ ಗ್ರಾಮರ್ ತಪ್ಪುಗಳಲ್ಲಿ ಬಹಳಷ್ಟು ಕಿವಿಯ ತಪ್ಪುಗಳೇ ಅನ್ನೋದು ನನ್ನ ನಂಬಿಕೆ. ಹಾಗಾಗಿ ಲಿಸನಿಂಗ್ ಬೇರೆ ಪಿರಿಯಡ್, ಗ್ರಾಮರ್ ಬೇರೆ ಪಿರಿಯಡ್ ಅಂತ ಮಾಡಬೇಡಿ. ಒಂದೇ ಪುಟ್ಟ ಪ್ರವಾಸದ ಕಥೆಯಲ್ಲಿ ಎರಡನ್ನೂ ಸೇರಿಸಿ.

ಮೊದಲು ಕಥೆ. ಮಕ್ಕಳು ನೋಡಿರುವ ಜಾಗವನ್ನೇ ಆರಿಸಿ. ಒಮ್ಮೆ ನಾನು ಯಾವುದೋ ಸಮುದ್ರ ತೀರದ ಊರಿಗೆ ರೈಲಿನಲ್ಲಿ ಹೋಗುವ ರೆಡಿಮೇಡ್ ಆಡಿಯೋ ಹಾಕಿದ್ದೆ. ದನಿ ಚೆನ್ನಾಗಿತ್ತು, ಕಥೆಯೂ ಚೆನ್ನಾಗಿತ್ತು. ಆದರೆ ಅಲ್ಲಿನ ಪ್ಲಾಟ್‌ಫಾರಂ, ಹಡಗುಕಟ್ಟೆ, ತಿಂಡಿಯ ಹೆಸರು ಎಲ್ಲವೂ ಮಕ್ಕಳಿಗೆ ಹೊಸದು. ಅವರ ತಲೆಯೆಲ್ಲ ಇದೇನು, ಅದೇನು ಅಂತ ಊಹಿಸೋದರಲ್ಲೇ ಕಳೆದುಹೋಯಿತು, ಟೆನ್ಸ್ ಕಡೆ ಕಿವಿ ಕೊಡೋಕೆ ಜಾಗವೇ ಉಳಿಯಲಿಲ್ಲ. ನಂದಿ ಬೆಟ್ಟ ಅಂದರೆ ಹಾಗಲ್ಲ. ಮಂಜು, ಮೆಟ್ಟಿಲು, ಕೋತಿ, ಸೀಬೆಹಣ್ಣು, ಎಲ್ಲ ಗೊತ್ತಿರೋದೇ. ಗೊತ್ತಿಲ್ಲದ್ದು ಇಂಗ್ಲಿಷ್ ಮಾತ್ರ. ಅಷ್ಟೇ ಸಾಕು.

ನಾನು ಬಳಸುವ ಕಥೆ ಇದು, ನೂರು ಪದದ ಆಸುಪಾಸು:

ಲಾಸ್ಟ್ ಸಂಡೇ ವಿ ವೆಂಟ್ ಟು ನಂದಿ ಹಿಲ್ಸ್. ವಿ ಗಾಟ್ ಅಪ್ ಅಟ್ ಫೋರ್. ಇಟ್ ವಾಸ್ ರೇನಿಂಗ್, ಬಟ್ ವಿ ವಾಂಟೆಡ್ ಟು ಸೀ ದ ಸನ್‌ರೈಸ್. ವಿ ವೆಂಟ್ ಇನ್ ಮೈ ಅಂಕಲ್ಸ್ ಆಟೋ. ಮೈ ಆಂಟ್ ಬಾಟ್ ಫಿಫ್ಟೀನ್ ಗ್ವಾವಾಸ್. ವಿ ವರ್ ಕ್ಲೈಂಬಿಂಗ್ ದ ಸ್ಟೆಪ್ಸ್ ವೆನ್ ಎ ಮಂಕಿ ಜಂಪ್ಟ್ ಆನ್ ಹರ್ ಬ್ಯಾಗ್. ಇಟ್ ವಾಂಟೆಡ್ ದ ಗ್ವಾವಾಸ್. ಮೈ ಆಂಟ್ ಶೌಟೆಡ್. ದ ಮಂಕಿ ಡ್ರಾಪ್ಟ್ ದ ಬ್ಯಾಗ್ ಅಂಡ್ ರಾನ್. ವಿ ಲಾಫ್ಟ್ ಅಂಡ್ ಕ್ಲೈಂಬ್ಡ್ ಅಗೇನ್. ವೆನ್ ವಿ ರೀಚ್ಟ್ ದ ಟಾಪ್, ದ ಕ್ಲೌಡ್ಸ್ ವರ್ ಮೂವಿಂಗ್ ಆಲ್ ಅರೌಂಡ್ ಅಸ್. ಮೈ ಗ್ರಾಂಡ್‌ಮದರ್ ವಾಸ್ ಮೇಕಿಂಗ್ ರಾಗಿ ಮುದ್ದೆ ವೆನ್ ವಿ ಕೇಮ್ ಹೋಮ್. 'ಡಿಡ್ ಯು ಸೀ ದ ಸನ್?' ಶಿ ಆಸ್ಕ್ಟ್. 'ನೋ,' ವಿ ಸೆಡ್. 'ವಿ ಸಾ ಎ ಮಂಕಿ.'

ಇದರಲ್ಲಿ ಒಂದೇ ಗ್ರಾಮರ್ ಇದೆ. ಏನೋ ನಡೆಯುತ್ತಿತ್ತು, ನಡುವೆ ಇನ್ನೇನೋ ಆಯಿತು. ಅಷ್ಟೇ. ನೀವು ಕಥೆ ಬರೆಯುವಾಗಲೂ ಒಂದನ್ನೇ ಹಿಡಿಯಿರಿ, ಅದು ಮೂರು ನಾಲ್ಕು ಸಲ ತಾನಾಗಿ ಬರುವ ಹಾಗೆ ನೋಡಿಕೊಳ್ಳಿ.

ಕಥೆಯನ್ನು ಮೊಬೈಲಿನಲ್ಲಿ ನಿಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿ. ಮಕ್ಕಳಿಗೆ ಅರ್ಥ ಆಗಲಿ ಅಂತ ನಾವು ಒಂದೊಂದೇ ಪದ ಬಿಡಿಸಿ ಬಿಡಿಸಿ ಓದುತ್ತೇವಲ್ವಾ, ಅದನ್ನು ದಯವಿಟ್ಟು ಬಿಡಿ. ಹಾಗೆ ಓದಿದರೆ ವರ್, ಟು, ಅಟ್ ಎಲ್ಲ ಪೂರ್ತಿ ಗಾತ್ರದಲ್ಲಿ ಕೇಳುತ್ತವೆ, ಹೊರಗೆ ಯಾರೂ ಹಾಗೆ ಮಾತಾಡೋದಿಲ್ಲ, ನಾಳೆ ಮಗು ಟಿವಿಯಲ್ಲೋ ಬೆಂಗಳೂರಿನ ಕಾಲೇಜಿನಲ್ಲೋ ನಿಜವಾದ ಇಂಗ್ಲಿಷ್ ಕೇಳಿದಾಗ ಮತ್ತೆ ತಬ್ಬಿಬ್ಬಾಗುತ್ತದೆ. ಸಹಜ ವೇಗದಲ್ಲೇ ಓದಿ. ನಿಲ್ಲಿಸೋದಾದರೆ ಪದಗಳ ನಡುವೆ ಅಲ್ಲ, ಮಾತಿನ ತುಂಡುಗಳ ನಡುವೆ ನಿಲ್ಲಿಸಿ. 'ವಿ ವರ್ ಕ್ಲೈಂಬಿಂಗ್ ದ ಸ್ಟೆಪ್ಸ್' ಒಂದು ಉಸಿರು, 'ವೆನ್ ಎ ಮಂಕಿ ಜಂಪ್ಟ್ ಆನ್ ಹರ್ ಬ್ಯಾಗ್' ಇನ್ನೊಂದು ಉಸಿರು. ಸ್ಪೀಕರ್ ಇಲ್ಲದಿದ್ದರೆ ಚಿಂತೆ ಬೇಡ, ಕ್ಲಾಸಿನ ನಡುವೆ ನಿಂತು ನೀವೇ ಹೇಳಿ. ಫ್ಯಾನ್ ಮಾತ್ರ ಆರಿಸಿ.

ಕಥೆ ಕೇಳಿಸುವ ಮೊದಲು ಐದು ನಿಮಿಷ ಕನ್ನಡದಲ್ಲೇ ಮಾತಾಡಿ. ನಂದಿ ಬೆಟ್ಟಕ್ಕೆ ಯಾರು ಹೋಗಿದ್ದೀರಿ? ಮೆಟ್ಟಿಲು ಹತ್ತಿದಿರಾ, ಗಾಡಿಯಲ್ಲಾ? 1478 ಮೀಟರ್ ಎತ್ತರದ ಮೇಲೆ ಬೆಳಗಿನ ಜಾವ ಹೇಗಿರುತ್ತೆ? ಕೋತಿ ಏನು ಕಿತ್ತುಕೊಂಡಿತು? ಬಾಗೇಪಲ್ಲಿ, ಗುಡಿಬಂಡೆ ಕಡೆಯ ಮಕ್ಕಳಾದರೆ ಅರ್ಧ ತೆಲುಗಿನಲ್ಲೇ ಹೇಳುತ್ತಾರೆ, ಹೇಳಲಿ. ಆಮೇಲೆ ಬೋರ್ಡಿನ ಮೇಲೆ ಮೂರು ಪದ ಬರೆಯಿರಿ: ಮಂಕಿ, ಬ್ಯಾಗ್, ಸನ್. ಈ ಮೂರು ಸೇರಿ ಏನು ಕಥೆ ಇರಬಹುದು ಅಂತ ಕೇಳಿ. ಊಹೆ ಮಾಡಿದ ಮಗು ತನ್ನ ಊಹೆ ಸರಿಯಾ ಅಂತ ನೋಡೋಕೇ ಕಿವಿ ಕೊಡುತ್ತದೆ.

ಮೊದಲ ಸಲ ಕೇಳಿಸುವಾಗ ಪುಸ್ತಕ, ಪೆನ್ನು ಎಲ್ಲ ಒಳಗೆ. ಒಂದೇ ಪ್ರಶ್ನೆ: ಇವರು ಸೂರ್ಯನನ್ನು ನೋಡಿದರಾ, ಇಲ್ಲವಾ? ಉತ್ತರ ಕನ್ನಡದಲ್ಲಿ ಬಂದರೂ ಒಪ್ಪಿಕೊಳ್ಳಿ. ನಾವೀಗ ನೋಡುತ್ತಿರೋದು ಕಿವಿಯನ್ನು, ಬಾಯನ್ನಲ್ಲ.

ಎರಡನೇ ಸಲಕ್ಕೆ ಸ್ವಲ್ಪ ಕಷ್ಟ ಕೊಡಿ. ಆರು ಚಿತ್ರ ಗೀಚಿ: ಆಟೋ, ಸೀಬೆಹಣ್ಣು, ಮೆಟ್ಟಿಲು, ಕೋತಿ, ಮೋಡ, ಮುದ್ದೆ. ಅಡ್ಡಾದಿಡ್ಡಿ ಬರೆದು, ಕೇಳುತ್ತಾ ನಂಬರ್ ಹಾಕಲಿ. ಜತೆಗೆ ಅತ್ತೆ ಎಷ್ಟು ಹಣ್ಣು ಕೊಂಡರು ಅಂತ ಕೇಳಿ. ಅರ್ಧ ಕ್ಲಾಸು 50 ಅನ್ನುತ್ತದೆ, ಇನ್ನರ್ಧ 15. ಫಿಫ್ಟೀನ್ ಹೇಳುವಾಗ ಕೊನೆಯ 'ಟೀನ್' ಉದ್ದ, ಫಿಫ್ಟಿ ಹೇಳುವಾಗ ಮೊದಲ 'ಫಿಫ್' ಮೇಲೆ ಭಾರ. ಎರಡನ್ನೂ ಹೇಳಿಸಿ, ಚಪ್ಪಾಳೆಯಲ್ಲಿ ತೋರಿಸಿ. ಅಂಗಡಿ, ಬಸ್ಸು, ಎಲ್ಲ ಕಡೆ ಬೇಕಾಗುವ ವಿಷಯ ಇದು.

ಮೂರನೇ ಸಲವೇ ಈ ಪಾಠದ ಜೀವ. ಇದಕ್ಕೆ ಡಿಕ್ಟೋಗ್ಲಾಸ್ ಅಂತ ಹೆಸರಿದೆ. ಡಿಕ್ಟೇಶನ್ ಥರ ಅಲ್ಲ ಇದು. ಕಥೆಯ ನಡುವಿನ ಐದು ವಾಕ್ಯ ಮಾತ್ರ ತೆಗೆದುಕೊಳ್ಳಿ, ಸೀಬೆಹಣ್ಣು ಕೊಂಡಲ್ಲಿಂದ ಕೋತಿ ಓಡಿಹೋಗುವ ತನಕ. ಸಹಜ ವೇಗದಲ್ಲಿ ಎರಡು ಸಲ ಹೇಳಿ. ಮಕ್ಕಳು ಕಿವಿಗೆ ಬಿದ್ದ ಪದ ಮಾತ್ರ ಗೀಚಿಕೊಳ್ಳಲಿ. ಆಮೇಲೆ ನಾಲ್ಕು ಜನರ ಗುಂಪು ಮಾಡಿ, ಆ ಚೂರುಗಳಿಂದ ಪೂರ್ತಿ ವಾಕ್ಯ ಕಟ್ಟಲು ಹೇಳಿ. ಇಲ್ಲಿ ನೋಡಬೇಕು ಮಕ್ಕಳನ್ನು. ಒಬ್ಬನಿಗೆ ಮಂಕಿ ಸಿಕ್ಕಿರುತ್ತದೆ, ಇನ್ನೊಬ್ಬಳಿಗೆ ವೆನ್ ಸಿಕ್ಕಿರುತ್ತದೆ, 'ಕ್ಲೈಂಬಿಂಗ್ ಮುಂದೆ ಏನೋ ಇತ್ತು ಕಣೋ, ಸಣ್ಣದು' ಅಂತ ಮೂರನೆಯವನು ಹಟ ಹಿಡಿಯುತ್ತಾನೆ, ಅದು ಆರ್ ಇರಬೇಕು, ಅಲ್ಲ ವಾಸ್ ಇರಬೇಕು, 'ವಿ' ಇದೆಯಲ್ವಾ ಹಾಗಾದರೆ ವರ್ ಇರಬೇಕು ಅಂತ ಜಗಳ ಆಗುತ್ತದೆ. ಆ ಜಗಳವೇ ಗ್ರಾಮರ್ ಪಾಠ. ನೀವು ಬಾಯಿ ಹಾಕಬೇಡಿ, ಸುಮ್ನೆ ಓಡಾಡಿ. ಹತ್ತು ನಿಮಿಷ ಆದ ಮೇಲೆ ಇನ್ನೊಂದು ಸಲ ಕೇಳಿಸಿ. ಈಗ ಅವರಿಗೆ ಏನು ಬೇಕು ಅಂತ ಗೊತ್ತಿದೆ, ನುಂಗಿಹೋದ 'ವ' ಕೂಡ ಕಿವಿಗೆ ಬೀಳುತ್ತದೆ. ಎಲ್ಲ ಆದ ಮೇಲೆ ಕಥೆಯ ಬರಹ ಬೋರ್ಡಿಗೆ ಬರಲಿ, ಅದಕ್ಕಿಂತ ಮುಂಚೆ ಬೇಡ. ಮುಂಚೆ ತೋರಿಸಿದರೆ ಮಕ್ಕಳು ಓದುತ್ತಾರೆ, ಕೇಳೋದಿಲ್ಲ.

ಈಗ ವಿವರಣೆ ಕೊಡಿ, ಚಿಕ್ಕದಾಗಿ. ಬೋರ್ಡಿನ ಮೇಲೆ ಒಂದು ಉದ್ದ ಗೆರೆ ಎಳೆಯಿರಿ, ಅದು ಹತ್ತುತ್ತಿದ್ದದ್ದು. ಗೆರೆಯ ನಡುವೆ ಒಂದು ಚುಕ್ಕಿ, ಅದು ಕೋತಿ ಎಗರಿದ್ದು. ಕನ್ನಡದಲ್ಲಿ ಇದೇ ವ್ಯತ್ಯಾಸ ಇದೆಯಲ್ಲ: ಹತ್ತುತ್ತಿದ್ದೆವು, ಹತ್ತಿದೆವು. ವರ್ ಕ್ಲೈಂಬಿಂಗ್, ಕ್ಲೈಂಬ್ಡ್. ಮಕ್ಕಳಿಗೆ ಈಗಾಗಲೇ ಗೊತ್ತಿರುವ ವಿಷಯಕ್ಕೆ ಪಾಸ್ಟ್ ಕಂಟಿನ್ಯುಯಸ್ ಅಂತ ಹೆದರಿಸುವ ಹೆಸರು ಮೊದಲೇ ಯಾಕೆ? ತೊಡಕು ಬರೋದು ವೆನ್ ಹತ್ತಿರ. ನಾವು 'ಹತ್ತುತ್ತಿದ್ದಾಗ' ಅಂತ ಆ 'ಆಗ'ವನ್ನು ಕ್ರಿಯಾಪದದ ಬಾಲಕ್ಕೆ ಅಂಟಿಸುತ್ತೇವೆ. ತೆಲುಗಿನ 'ಎಕ್ಕುತುನ್ನಪ್ಪುಡು' ಕೂಡ ಇದೇ ಅಚ್ಚು. ಇಂಗ್ಲಿಷ್ ಅದನ್ನು ಕಿತ್ತು, ಬೇರೆ ಪದ ಮಾಡಿ, ಮಾತಿನ ತುಂಡಿನ ತಲೆಯ ಮೇಲೆ ಇಡುತ್ತದೆ. ಇದನ್ನು ಒಂದು ಸಲ ಹೀಗೆ ತೋರಿಸಿದರೆ ಸಾಕು, ಮಕ್ಕಳು ವೆನ್ ಎಲ್ಲಿ ಹಾಕಬೇಕು ಅಂತ ಹುಡುಕಾಡೋದು ಕಡಿಮೆ ಆಗುತ್ತದೆ.

ಅಜ್ಜಿಯ ಪ್ರಶ್ನೆಯನ್ನೂ ಬಿಡಬೇಡಿ. 'ಡಿಡ್ ಯು ಸಾ' ಅಂತ ಎಷ್ಟು ಮಕ್ಕಳು ಹೇಳೋದಿಲ್ಲ! ಅದಕ್ಕೂ ಕಾರಣ ಇದೆ. 'ನೋಡಿದಿರಿ' ಅನ್ನೋದು 'ನೋಡಿದಿರಾ' ಆದಾಗ ನಮ್ಮಲ್ಲಿ ಭೂತಕಾಲ ಇದ್ದಲ್ಲೇ ಇರುತ್ತದೆ, ಬಾಲದ ಸ್ವರ ಮಾತ್ರ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಭೂತಕಾಲವನ್ನು ಡಿಡ್ ಹೊತ್ತುಕೊಂಡು ಮುಂದೆ ಬಂದುಬಿಡುತ್ತದೆ, ಹಿಂದೆ ಬರೀ ಸೀ ಉಳಿಯುತ್ತದೆ. ಒಬ್ಬ ಹುಡುಗನ ಬೆನ್ನಿನಿಂದ ಸ್ಕೂಲ್ ಬ್ಯಾಗ್ ತೆಗೆದು ಮುಂದಿನವನಿಗೆ ಕೊಟ್ಟು ತೋರಿಸಿ. ಬ್ಯಾಗ್ ಒಂದೇ, ಇಬ್ಬರೂ ಹೊರೋಕೆ ಆಗೋದಿಲ್ಲ.

ಇನ್ನು ಭೂತಕಾಲದ ಕ್ರಿಯಾಪದದ ಕೊನೆಗೆ ಬರುವ ಇ, ಡಿ ಅಕ್ಷರಗಳ ವಿಷಯ. ಬರೆಯೋದು ಒಂದೇ ಥರ, ಕೇಳೋದು ಮೂರು ಥರ. ಇಲ್ಲಿ ನಮ್ಮ ಲಿಪಿ ತುಂಬಾ ಸಹಾಯ ಮಾಡುತ್ತದೆ, ಕೇಳಿದ್ದನ್ನು ಕೇಳಿದ ಹಾಗೇ ಬರೆಯಬಹುದು. ಜಂಪ್ಟ್, ಡ್ರಾಪ್ಟ್, ಲಾಫ್ಟ್, ರೀಚ್ಟ್, ಆಸ್ಕ್ಟ್ ಒಂದು ಸಾಲು. ಕ್ಲೈಂಬ್ಡ್ ಇನ್ನೊಂದು, ಅದರಲ್ಲಿ ಬಿ ಕೇಳಿಸೋದಿಲ್ಲ, ಕಿವಿಗೆ ಬೀಳೋದು 'ಕ್ಲೈಮ್ಡ್'. ವಾಂಟೆಡ್, ಶೌಟೆಡ್ ಮೂರನೆಯದು. ಕೊನೆಯಲ್ಲಿ ಟಿ ಅಥವಾ ಡಿ ಸದ್ದು ಇರುವ ಕ್ರಿಯಾಪದಕ್ಕೆ ಮಾತ್ರ 'ಇಡ್' ಪೂರ್ತಿ ಕೇಳುತ್ತದೆ. ಮಕ್ಕಳೇ ಕೇಳಿ, ಕನ್ನಡದಲ್ಲಿ ಬರೆದು, ಮೂರು ಗುಂಪು ಮಾಡಲಿ. ಜಂಪ್ಟ್ ಅಂತ ಕಣ್ಣಾರೆ ನೋಡಿದ ಮೇಲೆ ಜಂಪೆಡ್ ಅನ್ನೋದು ನಿಧಾನಕ್ಕೆ ಬಿಟ್ಟುಹೋಗುತ್ತದೆ. ಆದರೆ ಕನ್ನಡ ಲಿಪಿಯ ಸಹಾಯ ಇಷ್ಟಕ್ಕೇ ಇರಲಿ, ಸ್ಪೆಲ್ಲಿಂಗ್ ಕಲಿಯೋಕೆ ಅದು ಅಡ್ಡ ಬರುತ್ತದೆ.

ಕೊನೆಯ ಹತ್ತು ನಿಮಿಷ ಮಕ್ಕಳ ಪ್ರವಾಸಕ್ಕೆ. ಶಿವರಾತ್ರಿಗೆ ನಂದಿ ಜಾತ್ರೆಗೆ ಹೋಗಿದ್ದು, ಅಪ್ಪನ ಜತೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗಿದ್ದು, ಯಾವುದಾದರೂ ಆಗಲಿ. ನಾಲ್ಕು ವಾಕ್ಯ ಸಾಕು, ಅದರಲ್ಲಿ ಒಂದು ಉದ್ದ ಗೆರೆ, ಒಂದು ಚುಕ್ಕಿ ಇರಬೇಕು. ಬಾಯಲ್ಲಿ ಹೇಳಲಿ, ಪಕ್ಕದವನು ಕೇಳಿ ಬರೆಯಲಿ.

ಇಷ್ಟೂ ಒಂದೇ ದಿನ ಮುಗಿಸೋಕೆ ಹೋಗಬೇಡಿ. ನನಗೆ 40 ನಿಮಿಷದ ಮೂರು ಪಿರಿಯಡ್ ಬೇಕಾಗುತ್ತದೆ.

ಬೇರೆ ಊರಿನವರು ನಿಮ್ಮ ಜಾಗಕ್ಕೆ ತಕ್ಕ ಗ್ರಾಮರ್ ಹುಡುಕಿ. ತುಮಕೂರಿನವರಿಗೆ ದೇವರಾಯನದುರ್ಗದ ಹತ್ತಿರದ ನಾಮದ ಚಿಲುಮೆ ಇದೆ. ರಾಮ ಬಂಡೆಗೆ ಬಾಣ ಬಿಟ್ಟ, ಬಂಡೆಯೊಳಗಿಂದ ನೀರು ಬಂತು ಅನ್ನೋ ಕಥೆ. ಇನ್‌ಟು, ಔಟ್ ಆಫ್ ಕಲಿಸೋಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ನೀರು ಬರುತ್ತಲೇ ಇರುತ್ತದೆ, ಅದು ಸಿಂಪಲ್ ಪ್ರೆಸೆಂಟ್‌ಗೆ ಸರಿ. ದೊಡ್ಡ ಮಕ್ಕಳಾದರೆ ಕೆಜಿಎಫ್‌ಗೆ ಕರೆದುಕೊಂಡು ಹೋಗಿ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು, 2001ರಲ್ಲಿ ಗಣಿ ಮುಚ್ಚಿತು. ಹಿಂದೆ ಇತ್ತು, ಈಗಿಲ್ಲ ಅನ್ನೋದನ್ನು ಹೇಳುವ 'ಯೂಸ್ಡ್ ಟು' ಅಲ್ಲಿನ ಮಕ್ಕಳಿಗೆ ಮನೆಯ ಹಿರಿಯರ ಮಾತಿನಲ್ಲೇ ಸಿಗುತ್ತದೆ. ಆದರೆ ಅದನ್ನು ಹೇಳುವಾಗ 'ಯೂಸ್ಟ' ಅಂತ ಒಂದೇ ಉಸಿರಿಗೆ ಹೇಳಿ, ಡಿ ಕೇಳಿಸೋದಿಲ್ಲ.

ಎರಡನೇ ಕಥೆಗೆ ಬೇರೆ ದನಿ ಇರಲಿ. ಪಕ್ಕದ ಕ್ಲಾಸಿನ ಟೀಚರ್, ಕಾಲೇಜಿಗೆ ಹೋಗುವ ಹಳೇ ವಿದ್ಯಾರ್ಥಿ, ಯಾರಾದರೂ ಸರಿ, ಮೊಬೈಲಿನಲ್ಲಿ ಒಂದು ನಿಮಿಷ ಓದಿ ಕಳಿಸಲು ಹೇಳಿ. ನಮ್ಮ ಒಂದೇ ದನಿಗೆ ಹೊಂದಿಕೊಂಡ ಕಿವಿಗೆ ಹೊಸ ದನಿ ಮೊದಲು ಸ್ವಲ್ಪ ಕಷ್ಟ ಕೊಡುತ್ತದೆ, ಆ ದಿನ ಇನ್ನೊಂದು ಸಲ ಜಾಸ್ತಿ ಕೇಳಿಸಿ.