ಆರು ಅಡಿಯ ಅಂತರ: ಎರಡು ಹಾಯಿದೋಣಿಗಳನ್ನು ಹೋಲಿಸುವುದು ಹೇಗೆ?

ಹಾಯಿದೋಣಿ ಕೊಳ್ಳಲು ಹೊರಟವರ ಮುಂದೆ ಕೊನೆಗೆ ಎರಡು ದೋಣಿ ಉಳಿಯುವುದುಂಟು. ಒಂದು ಚಿಕ್ಕದು, ಇನ್ನೊಂದು ಸ್ವಲ್ಪ ದೊಡ್ಡದು. ರೇಸಿಗೂ ಬೇಕು, ರಜೆಯಲ್ಲಿ ನಾಲ್ಕು ದಿನ ಸುತ್ತಾಡಲೂ ಬೇಕು. ‘ಬರೀ ಆರು ಅಡಿ ತಾನೇ ಜಾಸ್ತಿ, ದೊಡ್ಡದನ್ನೇ ತಗೊಂಡ್ರಾಯ್ತು’ ಅನ್ನಿಸುತ್ತದೆ. ಆ ಆರು ಅಡಿಯ ಜೊತೆಗೆ ಇನ್ನೂ ಏನೇನು ಬರುತ್ತದೆ ಅಂತ ಲೆಕ್ಕ ಹಾಕಿ, ಆಮೇಲೆ ನಿರ್ಧರಿಸಿ.

ಉದಾಹರಣೆಗೆ ಜೆ/24 ಮತ್ತು ಜೆ/30 ದೋಣಿಗಳನ್ನೇ ತೆಗೆದುಕೊಳ್ಳೋಣ. ಹೆಸರಿನಲ್ಲಿರುವ ಸಂಖ್ಯೆ ದೋಣಿಯ ಪೂರ್ತಿ ಉದ್ದ, ಸುಮಾರಾಗಿ ಅಡಿಯಲ್ಲಿ. ಎರಡೂ ಅಮೆರಿಕದ ರಾಡ್ ಜಾನ್‌ಸ್ಟೋನ್ ಅವರ ವಿನ್ಯಾಸ. ಜೆ/24ರ ಮೊದಲ ದೋಣಿಯನ್ನು ಅವರು 1970ರ ದಶಕದಲ್ಲಿ ತಮ್ಮ ಗ್ಯಾರೇಜಿನಲ್ಲೇ ಕಟ್ಟಿದರು. ಈವರೆಗೆ ಆ ಬಗೆಯ 5,000ಕ್ಕೂ ಹೆಚ್ಚು ದೋಣಿಗಳನ್ನು ಕಟ್ಟಲಾಗಿದೆ.

ಹಂತ 1: ದಿನಗಳನ್ನು ಎಣಿಸಿ

ಮುಂದಿನ ಒಂದು ವರ್ಷದಲ್ಲಿ ಎಷ್ಟು ದಿನ ರೇಸ್, ಎಷ್ಟು ರಾತ್ರಿ ದೋಣಿಯಲ್ಲಿ ಮಲಗುವುದು, ಪ್ರತಿ ಸಲ ಜೊತೆಗೆ ಯಾರು ಬರುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಬರಬಹುದು ಅನ್ನುವವರನ್ನು ಬಿಡಿ. ಖಂಡಿತ ಬರುವವರನ್ನು ಮಾತ್ರ ಎಣಿಸಿ. ಈ ಹಾಳೆ ಕೊನೆಯವರೆಗೂ ಕೈಯಲ್ಲಿರಲಿ.

ಹಂತ 2: ನೀರಿನ ಗೆರೆ ಅಳೆಯಿರಿ

ವೇಗಕ್ಕೆ ಲೆಕ್ಕಕ್ಕೆ ಬರುವುದು ದೋಣಿಯ ಪೂರ್ತಿ ಉದ್ದವಲ್ಲ, ನೀರಿನ ಮಟ್ಟದಲ್ಲಿರುವ ಉದ್ದ. ದೋಣಿ ಓಡುವಾಗ ಮೂತಿಯ ಹತ್ತಿರ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯೂ ಉದ್ದವಾಗುತ್ತಾ ಹೋಗಿ, ಕೊನೆಗೆ ದೋಣಿಯಷ್ಟೇ ಉದ್ದಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕು. ಭಾರದ ದೋಣಿಗೆ ಅದು ಆಗುವುದಿಲ್ಲ.

ಲೆಕ್ಕ ಸುಲಭ. ನೀರಿನ ಗೆರೆಯ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಬರುವ ಉತ್ತರ ನಾಟ್‌ನಲ್ಲಿ, ಅಂದರೆ ಗಂಟೆಗೆ ಎಷ್ಟು ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಸುಮಾರು 1.85 ಕಿ.ಮೀ.) ಅಂತ. ಜೆ/24ಕ್ಕೆ 20 ಅಡಿ, ಅಂದರೆ ಸುಮಾರು 6 ನಾಟ್. ಜೆ/30ಕ್ಕೆ 25 ಅಡಿ, ಅಂದರೆ 6.7 ನಾಟ್. ಎರಡೂ ತಂತಮ್ಮ ಈ ವೇಗದಲ್ಲೇ ಓಡಿದರೂ 30 ನಾಟಿಕಲ್ ಮೈಲಿಗೆ ಚಿಕ್ಕದಕ್ಕೆ ಐದು ಗಂಟೆ, ದೊಡ್ಡದಕ್ಕೆ ನಾಲ್ಕೂವರೆ. ಇಡೀ ದಿನಕ್ಕೆ ಉಳಿಯುವುದು ಅರ್ಧ ಗಂಟೆ. ವೇಗಕ್ಕಾಗಿ ದೊಡ್ಡ ದೋಣಿ ಬೇಕು ಅನ್ನುವ ಮಾತು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ.

ಹಂತ 3: ತೂಕ ನೋಡಿ, ಕೈಗಳನ್ನು ಎಣಿಸಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಜೆ/24ರ ತೂಕ ಸುಮಾರು 1,400 ಕಿಲೊ, ಜೆ/30ರದು ಸುಮಾರು 3,200 ಕಿಲೊ. ಉದ್ದ ಹೆಚ್ಚಿದ್ದು ಕಾಲು ಭಾಗ, ತೂಕ ಎರಡು ಪಟ್ಟನ್ನೂ ದಾಟಿದೆ. ದೋಣಿ ಉದ್ದಕ್ಕೆ ಮಾತ್ರ ಬೆಳೆಯುವುದಿಲ್ಲ, ಅಗಲಕ್ಕೂ ಆಳಕ್ಕೂ ಬೆಳೆಯುತ್ತದೆ ಅಲ್ವಾ? ಅದಕ್ಕೆ ತಕ್ಕಂತೆ ಹಾಯಿ ದೊಡ್ಡದಾಗುತ್ತದೆ, ಹಗ್ಗದ ಮೇಲಿನ ಎಳೆತವೂ ಹೆಚ್ಚುತ್ತದೆ.

ಚಿಕ್ಕ ದೋಣಿಗೆ ಒಗ್ಗಿದ್ದ ನಾನು ಮೊದಲ ಸಲ ದೊಡ್ಡದರ ಮುಂದಿನ ಹಾಯಿಯ ಹಗ್ಗ ಹಿಡಿದಾಗ, ಅಭ್ಯಾಸಬಲದಿಂದ ವಿಂಚಿಗೆ (ಹಗ್ಗ ಸುತ್ತಿ ಎಳೆಯುವ, ತಿರುಗುವ ಉರುಳೆ) ಒಂದೇ ಸುತ್ತು ಹಾಕಿದ್ದೆ. ಗಾಳಿ ಒಮ್ಮೆಲೇ ಬೀಸಿತು. ಹಗ್ಗ ಸರ್ರನೆ ಜಾರಿ ಎರಡೂ ಅಂಗೈ ಸುಟ್ಟಿತು. ವಾರಗಟ್ಟಲೆ ಮುಷ್ಟಿ ಕಟ್ಟಲು ಆಗಲಿಲ್ಲ. ಗಾಳಿ 10 ನಾಟ್‌ನಿಂದ 15ಕ್ಕೆ ಏರಿದರೆ ಹಾಯಿಯ ಮೇಲಿನ ಒತ್ತಡ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಆಗುತ್ತದೆ. ದೊಡ್ಡ ದೋಣಿಯಲ್ಲಿ ಮೂರ್ನಾಲ್ಕು ಸುತ್ತು ಹಾಕಿ, ಹಿಡಿಕೆ ತಿರುಗಿಸಿಯೇ ಎಳೆಯಬೇಕು.

ಹಾಗಂತ ಚಿಕ್ಕದು ಎಲ್ಲದರಲ್ಲೂ ಸುಲಭ ಅಂತಲ್ಲ. ಜೆ/24 ರೇಸಿನಲ್ಲಿ ಸಾಮಾನ್ಯವಾಗಿ ಐದು ಜನ ಇರುತ್ತಾರೆ. ತಲಾ 75 ಕಿಲೊ ಅಂದುಕೊಂಡರೆ 375 ಕಿಲೊ, ಅಂದರೆ ದೋಣಿಯ ಕಾಲು ಭಾಗಕ್ಕಿಂತ ಹೆಚ್ಚು. ಗಾಳಿ ಬರುವ ಕಡೆಯ ಅಂಚಿನಲ್ಲಿ ಸಾಲಾಗಿ ಕೂತು, ಅವರೇ ದೋಣಿ ವಾಲದಂತೆ ನೋಡಿಕೊಳ್ಳುತ್ತಾರೆ. ಇಬ್ಬರೇ ಸುತ್ತಾಡಲು ಹೋದಾಗ ಆ ಭಾರ ಇರುವುದಿಲ್ಲ, ಹಾಯಿಯನ್ನು ಬೇಗನೆ ಕಿರಿದು ಮಾಡಬೇಕಾಗುತ್ತದೆ. ಜೆ/30ರಲ್ಲಿ ಅದೇ ಐವರ ತೂಕ ದೋಣಿಯ ಎಂಟನೇ ಒಂದು ಭಾಗವೂ ಆಗದು. ಜನ ಕಡಿಮೆಯಾದರೂ ಅದು ಅಷ್ಟಾಗಿ ವಾಲುವುದಿಲ್ಲ.

ಹಂತ 4: ರೇಸಿನ ಲೆಕ್ಕ

ಬೇರೆ ಬೇರೆ ಅಳತೆಯ ದೋಣಿಗಳು ಒಟ್ಟಿಗೆ ಓಡುವಾಗ ಸಮಯದ ರಿಯಾಯಿತಿ ಇರುತ್ತದೆ. ಉತ್ತರ ಅಮೆರಿಕದಲ್ಲಿ ಬಳಕೆಯಲ್ಲಿರುವ ಪಿಎಚ್‌ಆರ್‌ಎಫ್ ಪದ್ಧತಿಯಲ್ಲಿ ಇದನ್ನು ಒಂದು ನಾಟಿಕಲ್ ಮೈಲಿಗೆ ಇಷ್ಟು ಸೆಕೆಂಡ್ ಅಂತ ಹೇಳುತ್ತಾರೆ. ಜೆ/24ಕ್ಕೆ ಸುಮಾರು 170, ಜೆ/30ಕ್ಕೆ ಸುಮಾರು 140. ಪ್ರದೇಶಕ್ಕೆ ತಕ್ಕಂತೆ ಸ್ವಲ್ಪ ಬದಲಾಗುತ್ತದೆ. 10 ಮೈಲಿ ರೇಸಿನಲ್ಲಿ ಜೆ/30 ಐದು ನಿಮಿಷಕ್ಕಿಂತ ಹೆಚ್ಚು ಮುಂಚೆ ಮುಟ್ಟಿದರೆ ಮಾತ್ರ ಗೆದ್ದಂತೆ. ದೊಡ್ಡದು ಕೊಂಡ ಮಾತ್ರಕ್ಕೆ ಗೆಲುವು ಬರುವುದಿಲ್ಲ. ನಿಮ್ಮ ನೀರಿನಲ್ಲಿ ಒಂದೇ ಬಗೆಯ ದೋಣಿಗಳು ಹತ್ತಾರು ಇದ್ದರೆ ಅದನ್ನೇ ಆರಿಸಿ. ಆಗ ಲೆಕ್ಕದ ಗೊಡವೆಯೇ ಇಲ್ಲ, ಮೊದಲು ಮುಟ್ಟಿದವರೇ ಗೆದ್ದವರು.

ಹಂತ 5: ಒಳಗೆ ಹೋಗಿ ಮಲಗಿ

ಸುಮ್ನೆ ಇಣುಕಿ ನೋಡಿದರೆ ಸಾಲದು. ಕಾಲು ಚಾಚಿ ಹತ್ತು ನಿಮಿಷ ಮಲಗಿ. ಜೆ/24ರ ಕ್ಯಾಬಿನ್‌ನಲ್ಲಿ ಬೆನ್ನು ಬಗ್ಗಿಸಿಯೇ ಓಡಾಡಬೇಕು. ಎರಡು ದಿನ ಮಳೆ ಹಿಡಿದರೆ ಅದೆಷ್ಟು ಕಷ್ಟ ಅಂತ ಅಲ್ಲೇ ಗೊತ್ತಾಗುತ್ತದೆ. ಜೆ/30ರಲ್ಲಿ ಡೀಸೆಲ್ ಎಂಜಿನ್ ಒಳಗೇ ಇದೆ, ಜೆ/24ಕ್ಕೆ ಹಿಂದೆ ಚಿಕ್ಕ ಮೋಟರ್ ತಗಲಿಸುತ್ತಾರೆ. ಆದರೆ ಜೆ/24ಕ್ಕೆ ಆಳ 4 ಅಡಿ ಸಾಕು, ಜೆ/30ಕ್ಕೆ 5 ಅಡಿ 3 ಇಂಚು ಬೇಕು. ಲಂಗರು ಹಾಕಲು ನೀವು ಇಷ್ಟಪಡುವ ಜಾಗ ಎಷ್ಟು ಆಳ ಅಂತ ನೋಡಿಕೊಳ್ಳಿ.

ಹಂತ 6: ಒಂದೇ ದಿನ ಎರಡನ್ನೂ ಓಡಿಸಿ

ಒಂದೇ ದಿನ, ಒಂದೇ ಗಾಳಿಯಲ್ಲಿ ಎರಡನ್ನೂ ಓಡಿಸಬೇಕು. ಹಾಳೆಯಲ್ಲಿ ಬರೆದವರನ್ನು ಮಾತ್ರ ಕರೆದುಕೊಂಡು ಹೋಗಿ, ಮಾರುವವರು ಹಗ್ಗ ಮುಟ್ಟುವುದು ಬೇಡ. ಗಾಳಿಗೆ ಎದುರಾಗಿ ಹತ್ತು ಸಲ ದಿಕ್ಕು ಬದಲಿಸಿ, ಒಮ್ಮೆ ಹಾಯಿ ಕಿರಿದು ಮಾಡಿ, ನೀವೇ ದೋಣಿಯನ್ನು ದಡಕ್ಕೆ ತಂದು ಕಟ್ಟಿ. ಇಳಿದ ಮೇಲೆ ಜೊತೆಗೆ ಬಂದವರನ್ನು ಕೇಳಿ: ನಾಳೆ ಬೆಳಿಗ್ಗೆ ಮತ್ತೆ ಹೊರಡುವುದಾದರೆ ಯಾವ ದೋಣಿ ಹತ್ತುತ್ತೀರಿ?